ಉದ್ಯಮಶೀಲತೆಯನ್ನು ಕಲಿಸಬಹುದೇ?

(ತೃತೀಯ ಬಿ.ಕಾಂ. ವಿದ್ಯಾರ್ಥಿಯೊಬ್ಬನ ವಿಚಾರ)

‘ಉದ್ಯೋಗ’ ಎಂಬ ಶಬ್ದಕ್ಕೆ ನಮ್ಮಲ್ಲಿ ವಿಚಿತ್ರವಾದೊಂದು ಗತಿ ಒದಗಿದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಪ್ರಯತ್ನ, ಸಿದ್ಧತೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಪಾಂಡವರು ನೌಕರಿ ಹಿಡಿಯುವುದಿಲ್ಲ. ಅವರು ನೌಕರಿ ಮಾಡಿದ್ದು ಅದರ ಹಿಂದಿನ ವಿರಾಟಪರ್ವದಲ್ಲಿ. ಅದನ್ನು ಬಿಟ್ಟು ತಮ್ಮ ಪಾಲನ್ನು ಪಡೆಯಲು ಅವರು ಸನ್ನದ್ಧರಾದ ಕಥೆಯೇ ಉದ್ಯೋಗಪರ್ವ. ಇಂದಾದರೋ ‘ಉದ್ಯೋಗ ಮಾಡಿದನೇ?’ ಎಂದು ಯಾರೂ ಕೇಳುವುದಿಲ್ಲ, ‘ಉದ್ಯೋಗ ಸಿಕ್ಕಿತೇ?’ ಎಂದು ಕೇಳುವರು. ಮಾಡಬೇಕಾಗಿದ್ದ ವಸ್ತು ಸಿಕ್ಕಬೇಕಾದ ವಸ್ತುವಾಗಿದೆ.

ನಮ್ಮದು ಕಲಾ ಕಾಲೇಜೆಂದು ಹೆಸರಾದರೂ ಇಲ್ಲಿ ವಾಣಿಜ್ಯ ವಿಭಾಗವೂ ಉಂಟು. ಆ ವಿಭಾಗದ ಪಠ್ಯಕ್ರಮದಲ್ಲಿ ಉದ್ಯಮಶೀಲತೆಯೆಂಬ ವಿಷಯವೂ ಉಂಟು. ಅದನ್ನು ಓದುವಾಗಲೆಲ್ಲ ಒಂದು ಆಕ್ಷೇಪಣೆ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ: ‘ವ್ಯಾಪಾರಿಯ ಮಗನಿಗೆ ಇದು ರಕ್ತದಲ್ಲಿಯೇ ಬಂದಿರುತ್ತದೆ, ಅವನಿಗೆ ಪಾಠ ಬೇಡ, ಉಳಿದವರಿಗೆ ಪಾಠ ಹೇಳಿದರೂ ಪ್ರಯೋಜನವಿಲ್ಲ. ದಡದ ಮೇಲೆ ನಿಲ್ಲಿಸಿ ಈಜು ಕಲಿಸಲಾದೀತೇ?’ ಈ ಆಕ್ಷೇಪಣೆಯಲ್ಲಿ ಎಷ್ಟು ಸತ್ಯವಿದೆ, ಈ ಶಾಸ್ತ್ರದಲ್ಲಿ ಕಲಿಸಬಹುದಾದ ಭಾಗ ಯಾವುದು, ಕಲಿಸಲಾಗದ ಭಾಗ ಯಾವುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಉದ್ಯಮಶೀಲನೆಂದರೆ ಯಾರು?

ಇಂಗ್ಲಿಷಿನಲ್ಲಿ ‘ಆಂತ್ರಪ್ರನರ್’ ಎಂದು ಹೇಳುವ ಮಾತು ಫ್ರೆಂಚ್ ಭಾಷೆಯದು. ಅದಕ್ಕೆ ಅರ್ಥಶಾಸ್ತ್ರದಲ್ಲಿ ಮೊದಲು ಸ್ಥಾನ ಕೊಟ್ಟವನು ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಲೇವಾದೇವಿ ನಡೆಸಿದ ರಿಚರ್ಡ್ ಕ್ಯಾಂಟಿಲನ್. ಆತ ಮರಣ ಹೊಂದಿದ ಎಷ್ಟೋ ವರ್ಷಗಳ ಅನಂತರ, 1755ರಲ್ಲಿ, ಅವನ ಗ್ರಂಥ ಪ್ರಕಟವಾಯಿತು. ಆತನ ಮತದಂತೆ, ಗೊತ್ತಾದ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ. ಈ ವ್ಯಾಖ್ಯೆಯನ್ನು ಒಪ್ಪಿದರೆ ಮುಂಜಾನೆ ಸಗಟು ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟುಗಳನ್ನು ಕೊಂಡು, ಸಂಜೆಯೊಳಗೆ ಅವು ಬಾಡುವುದಕ್ಕೆ ಮುಂಚೆ ಮಾರಬೇಕಾದ ನಮ್ಮ ಸಂತೆಯ ಮುದುಕಿಯೂ ಉದ್ಯಮಿಯೇ ಸರಿ.

ಅಮೆರಿಕದ ಫ್ರಾಂಕ್ ನೈಟ್ ಎಂಬ ಪಂಡಿತರು 1921ರಲ್ಲಿ ಈ ವಿಚಾರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಎಣಿಸಬಹುದಾದ ಅಪಾಯ ಬೇರೆ, ಎಣಿಸಲಾಗದ ಅನಿಶ್ಚಯ ಬೇರೆ. ಸಾವಿರ ಮನೆಗಳಲ್ಲಿ ಸರಾಸರಿ ಎಷ್ಟಕ್ಕೆ ಬೆಂಕಿ ತಗಲುವುದೆಂದು ವಿಮಾ ಸಂಸ್ಥೆ ಲೆಕ್ಕ ಹಾಕಬಲ್ಲದು. ಆದರೆ ಹಿಂದೆ ಯಾರೂ ಮಾರದ ಪದಾರ್ಥವನ್ನು ಜನ ಕೊಳ್ಳುವರೇ ಇಲ್ಲವೇ ಎಂಬುದಕ್ಕೆ ಯಾವ ವಿಮೆಯೂ ಇಲ್ಲ. ಆ ಅನಿಶ್ಚಯವನ್ನು ಹೊತ್ತದ್ದಕ್ಕೆ ದೊರೆಯುವ ಪ್ರತಿಫಲವೇ ಲಾಭ ಎಂಬುದು ನೈಟ್ ಅವರ ಸಿದ್ಧಾಂತ.

ಆಸ್ಟ್ರಿಯದ ಜೋಸೆಫ್ ಶುಂಪೀಟರ್ ಇದಕ್ಕಿಂತ ಭಿನ್ನವಾಗಿ ಯೋಚಿಸಿದರು. ಅಪಾಯ ಹೊರುವುದು ಬಂಡವಾಳ ಕೊಟ್ಟವನ ಪಾಡು. ಉದ್ಯಮಿಯ ಕೆಲಸ ಹೊಸ ಸಂಯೋಜನೆ. ಅದು ಐದು ಬಗೆ: ಹೊಸ ಪದಾರ್ಥ, ಹೊಸ ತಯಾರಿಕಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಸಾಮಗ್ರಿಯ ಹೊಸ ಮೂಲ, ಹೊಸ ವ್ಯವಸ್ಥೆ. ಇಲ್ಲಿ ಸ್ವಾರಸ್ಯದ ಸಂಗತಿಯೊಂದುಂಟು. ಉದ್ಯಮಿಯನ್ನು ಇಷ್ಟು ಚೆನ್ನಾಗಿ ವರ್ಣಿಸಿದ ಶುಂಪೀಟರರು ತಾವೇ ವಿಯೆನ್ನದ ಬ್ಯಾಂಕೊಂದರ ಅಧ್ಯಕ್ಷರಾಗಿದ್ದು, 1924ರಲ್ಲಿ ಆ ಸ್ಥಾನವನ್ನು ಕಳೆದುಕೊಂಡು, ಸಾಲದ ಹೊರೆ ಹೊತ್ತು, ಅದನ್ನು ತೀರಿಸಲು ವರ್ಷಗಟ್ಟಲೆ ಶ್ರಮಿಸಿದರು. ಸಿದ್ಧಾಂತವನ್ನು ಬಲ್ಲವನೇ ಸಾಧಕನಾಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ನಾಡಿನ ಒಂದು ಉದಾಹರಣೆ

ಶುಂಪೀಟರರ ಮಾತು ಪರದೇಶದ ದೊಡ್ಡ ಕಾರಖಾನೆಗಳಿಗೆ ಮಾತ್ರ ಅನ್ವಯಿಸುವುದೆಂದು ತಿಳಿಯಬೇಕಾದುದಿಲ್ಲ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಸ್ಥರು, ವಾಮನ ಕುಡ್ವ ಎಂಜಿನಿಯರರು, ಡಾಕ್ಟರ್ ಟಿ. ಎಂ. ಎ. ಪೈ ವೈದ್ಯರು. ಮೂಲ ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವು ನೀಡುವುದು ಉದ್ದೇಶ.

ಬ್ಯಾಂಕಿಗೆ ಹಣವೇ ಕಚ್ಚಾ ಸಾಮಗ್ರಿ. ಅದು ಶ್ರೀಮಂತರಲ್ಲಿ ಮಾತ್ರ ಇರುವುದೆಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಈ ಸಂಸ್ಥೆ 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುವುದು. ಗಿರಾಕಿ ಬ್ಯಾಂಕಿಗೆ ಬರುವ ಬದಲು ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಹೋಗಿ ಹಣ ಪಡೆದು ಚೀಟಿ ಕೊಡುವುದು. ಹನಿಗೂಡಿದರೆ ಹಳ್ಳವೆಂಬ ಗಾದೆ ಎಲ್ಲರಿಗೂ ಗೊತ್ತಿತ್ತು. ಆ ಹನಿಯನ್ನು ಹಿಡಿಯುವ ಪಾತ್ರೆಯನ್ನು ಇವರು ಕಂಡುಹಿಡಿದರು. ಕಚ್ಚಾ ಸಾಮಗ್ರಿಯ ಹೊಸ ಮೂಲವೂ ಹೊಸ ವಿಧಾನವೂ ಇಲ್ಲಿ ಒಂದೇ ಏಟಿಗೆ ದೊರೆತವು. ಇದೇ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ’ ಎಂಬ ಮಾತು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಮೂವರು ಸ್ಥಾಪಕರಲ್ಲಿ ಇಬ್ಬರು ವ್ಯಾಪಾರಸ್ಥರಲ್ಲವೆಂಬುದನ್ನು ಸಹಪಾಠಿಗಳು ಗಮನಿಸಬೇಕು. ಅವರು ಉದ್ಯಮಶೀಲತೆಯ ತರಗತಿಯಲ್ಲಿ ಕುಳಿತವರೂ ಅಲ್ಲ. ಹಾಗಾದರೆ ತರಗತಿಯಿಂದ ಆಗುವುದೇನು?

ಮೂರು ಪಾಠಶಾಲೆಗಳು

ಈ ಪ್ರಶ್ನೆಗೆ ಉತ್ತರವನ್ನು ಮೂರು ಪ್ರಯೋಗಗಳಲ್ಲಿ ಹುಡುಕಬಹುದು.

ಮೊದಲನೆಯದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯವಹಾರ ಶಾಲೆ. 1908ರಲ್ಲಿ ಸ್ಥಾಪಿತವಾದ ಈ ಶಾಲೆ ಬಹುಕಾಲ ದೊಡ್ಡ ಕಂಪನಿಗಳಿಗೆ ಆಡಳಿತಗಾರರನ್ನು ತಯಾರು ಮಾಡುತ್ತಿತ್ತು. 1947ರ ಫೆಬ್ರವರಿಯಲ್ಲಿ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು ನೂತನ ಉದ್ಯಮಗಳ ನಿರ್ವಹಣೆಯನ್ನು ಕುರಿತ ಪಾಠವನ್ನು ಅಲ್ಲಿ ಆರಂಭಿಸಿದಾಗ 188 ಮಂದಿ ವಿದ್ಯಾರ್ಥಿಗಳು ಸೇರಿದರು. ಅವರಲ್ಲಿ ಬಹುಮಂದಿ ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರು. ವ್ಯವಹಾರ ಶಾಲೆಗಳಲ್ಲಿ ಈ ವಿಷಯದ ಬೋಧನೆ ಇಲ್ಲಿಂದಲೇ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುವರು. ಅಲ್ಲಿನ ಬೋಧನಾ ಕ್ರಮ ಪ್ರಸಂಗ ವಿಮರ್ಶೆ: ನಿಜವಾಗಿ ನಡೆದ ವ್ಯವಹಾರವೊಂದರ ವಿವರಗಳನ್ನು ಮುಂದಿಟ್ಟು, ‘ನೀನಾಗಿದ್ದರೆ ಈ ಘಟ್ಟದಲ್ಲಿ ಏನು ಮಾಡುತ್ತಿದ್ದೆ?’ ಎಂದು ಕೇಳುವುದು. ಇದರಿಂದ ವಿವೇಚನೆ ಹರಿತವಾಗುವುದು ನಿಶ್ಚಯ. ಆದರೆ ತರಗತಿಯಲ್ಲಿ ಕೊಟ್ಟ ತಪ್ಪು ಉತ್ತರಕ್ಕೆ ಯಾರ ಮನೆಯ ಬಂಗಾರವೂ ಒತ್ತೆ ಹೋಗುವುದಿಲ್ಲ.

ಎರಡನೆಯದು ನಮ್ಮ ನೆರೆಯ ಆಂಧ್ರ ಪ್ರದೇಶದ ಕಾಕಿನಾಡ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಅವರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾಧನೆಯ ಹಂಬಲವೇ ಆರ್ಥಿಕ ಪ್ರಗತಿಯ ಒಂದು ಮುಖ್ಯ ಮೂಲವೆಂದು ವಾದಿಸಿದ್ದರು. ಆ ಹಂಬಲವನ್ನು ದೊಡ್ಡವರಲ್ಲಿಯೂ ಬೆಳೆಸಬಹುದೇ ಎಂಬುದನ್ನು ಪರೀಕ್ಷಿಸಲು, ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಸಹಕಾರದಿಂದ, 1964ರಲ್ಲಿ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೂ ಕೈಗಾರಿಕೆಯವರಿಗೂ ಸುಮಾರು ಹತ್ತು ದಿನಗಳ ಶಿಬಿರಗಳನ್ನು ಏರ್ಪಡಿಸಿದರು.

ಮೆಕ್ಲೆಲಂಡರ ಪ್ರಯೋಗಗಳಲ್ಲಿ ಪ್ರಸಿದ್ಧವಾದ ಆಟವೊಂದಿದೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಗಳು, ಎಷ್ಟು ದೂರದಿಂದ ಎಸೆಯಬೇಕೆಂಬುದು ಆಟಗಾರನ ಇಚ್ಛೆ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಸುಲಭವಾಗಿ ಹಾಕುವರು. ಕೆಲವರು ಬಹು ದೂರ ನಿಂತು ಅದೃಷ್ಟಕ್ಕೆ ಬಿಡುವರು. ಸಾಧನೆಯ ಹಂಬಲವುಳ್ಳವರು ಮಾತ್ರ ಮಧ್ಯಮ ದೂರವನ್ನು ಆರಿಸಿಕೊಳ್ಳುವರು. ಅಲ್ಲಿ ಗೆಲುವು ಖಚಿತವಲ್ಲ, ಆದರೆ ಪ್ರಯತ್ನದಿಂದ ಸಾಧ್ಯ. ಉದ್ಯಮಿಯೆಂದರೆ ಜೂಜುಗಾರನೆಂಬ ಜನಜನಿತ ಭಾವನೆ ಇದರಿಂದ ಬಿದ್ದುಹೋಗುತ್ತದೆ. ಶಿಬಿರ ಮುಗಿದ ಅನಂತರದ ವರ್ಷಗಳಲ್ಲಿ, ತರಬೇತಿ ಪಡೆಯದವರಿಗಿಂತ ಪಡೆದವರು ಹೆಚ್ಚು ಬಂಡವಾಳ ಹೂಡಿ, ಹೆಚ್ಚು ಜನರಿಗೆ ಕೆಲಸ ಕೊಟ್ಟು, ಹೆಚ್ಚು ಚಟುವಟಿಕೆಯಿಂದ ಇದ್ದರೆಂದು 1969ರಲ್ಲಿ ಪ್ರಕಟವಾದ ಅವರ ವರದಿ ತಿಳಿಸಿತು. ಉದ್ಯಮಶೀಲತೆ ಕೇವಲ ಹುಟ್ಟುಗುಣವೆಂಬ ವಾದಕ್ಕೆ ಇದು ಬಲವಾದ ಉತ್ತರ. ಆದರೂ ಒಂದು ಮಾತನ್ನು ಮರೆಯಲಾಗದು: ಶಿಬಿರಕ್ಕೆ ಬಂದವರಲ್ಲಿ ಆಗಲೇ ಅಂಗಡಿಯೋ ಕಾರಖಾನೆಯೋ ಇತ್ತು. ಏನೂ ಇಲ್ಲದವನಿಗೆ ಹಂಬಲವೊಂದನ್ನೇ ಕೊಟ್ಟರೆ ಅದು ಹಸಿವಾಗಿಯೇ ಉಳಿದೀತು.

ಮೂರನೆಯದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ಯಾಬ್ಸನ್ ಕಾಲೇಜು. 1919ರಲ್ಲಿ ರೋಜರ್ ಬ್ಯಾಬ್ಸನ್ ಅವರು ಸ್ಥಾಪಿಸಿದ ಈ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳೇ ಗುಂಪುಗಳಾಗಿ ನಿಜವಾದ ಉದ್ಯಮವನ್ನು ನಡೆಸಬೇಕೆಂಬ ಕ್ರಮ ಪ್ರಸಿದ್ಧವಾಗಿದೆ. ಬಂಡವಾಳಕ್ಕೆ ಕಾಲೇಜೇ ಕೆಲವು ಸಾವಿರ ಡಾಲರುಗಳ ಸಾಲ ಕೊಡುವುದು. ಒಬ್ಬರು ಮಾರಾಟ, ಒಬ್ಬರು ಲೆಕ್ಕಪತ್ರ ಎಂದು ಕೆಲಸ ಹಂಚಿಕೊಂಡು ವ್ಯವಹಾರ ನಡೆಸಿ, ಕೊನೆಗೆ ಅದನ್ನು ಕ್ರಮವಾಗಿ ಮುಚ್ಚಿ, ಸಾಲ ತೀರಿಸಿ, ಉಳಿದ ಲಾಭವನ್ನು ಧರ್ಮಕಾರ್ಯಕ್ಕೆ ಕೊಡುವರು. ಆರಂಭಿಸುವುದನ್ನು ಎಲ್ಲರೂ ಹೇಳಿಕೊಡುವರು. ಮುಚ್ಚುವುದನ್ನೂ ಇಲ್ಲಿ ಕಲಿಸುವರು ಎಂಬುದೇ ನನಗೆ ಹೆಚ್ಚು ಮೆಚ್ಚುಗೆಯಾದ ಅಂಶ. ಇದು ದಡದ ಮೇಲಿನ ಈಜಲ್ಲ. ಎದೆಮಟ್ಟದ ನೀರಿನಲ್ಲಿನ ಈಜು.

ಎಷ್ಟು ಕಳೆದುಕೊಳ್ಳಬಲ್ಲೆ?

ನುರಿತ ಉದ್ಯಮಿಗಳು ಹೇಗೆ ಯೋಚಿಸುತ್ತಾರೆಂಬುದನ್ನು ಭಾರತೀಯ ಮೂಲದ ಸರಸ್ ಸರಸ್ವತಿ ಎಂಬ ವಿದುಷಿ ಅಮೆರಿಕದಲ್ಲಿ ಪರಿಶೀಲಿಸಿದರು. ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಶಿಷ್ಯೆಯಾದ ಆಕೆ 27 ಮಂದಿ ಅನುಭವಸ್ಥ ಉದ್ಯಮಿಗಳ ಮುಂದೆ ಒಂದು ಕಲ್ಪಿತ ಪದಾರ್ಥವನ್ನಿಟ್ಟು, ಅದರಿಂದ ವ್ಯವಹಾರ ಕಟ್ಟುವ ಬಗೆಯನ್ನು ಗಟ್ಟಿಯಾಗಿ ಮಾತಾಡುತ್ತಲೇ ಯೋಚಿಸುವಂತೆ ಹೇಳಿದರು. ಈ ವಿಚಾರವನ್ನು ಆಕೆ ಸಿದ್ಧಾಂತ ರೂಪದಲ್ಲಿ ಮಂಡಿಸಿದ್ದು 2001ರಲ್ಲಿ.

ಆಕೆಯೇ ಕೊಡುವ ಅಡುಗೆಯ ಉದಾಹರಣೆ ನಮಗೆ ಬಹು ಹತ್ತಿರದ್ದು. ಇಂಥ ಅಡುಗೆಯೇ ಆಗಬೇಕೆಂದು ಗೊತ್ತುಮಾಡಿ, ಪಟ್ಟಿ ಹಿಡಿದು ಅಂಗಡಿಗೆ ಹೋಗುವುದು ಒಂದು ಬಗೆ. ಡಬ್ಬಿಗಳನ್ನು ತೆರೆದು ನೋಡಿ, ಇದ್ದುದರಲ್ಲಿ ಏನಾದೀತೆಂದು ಯೋಚಿಸುವುದು ಇನ್ನೊಂದು ಬಗೆ. ನುರಿತ ಉದ್ಯಮಿಗಳು ಹೆಚ್ಚಾಗಿ ಎರಡನೆಯ ದಾರಿ ಹಿಡಿಯುವರಂತೆ. ಅವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಎಷ್ಟು ಗಳಿಸುವೆ?’ ಎಂಬುದಲ್ಲ, ‘ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ?’ ಎಂಬುದು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದಾಗ ಅದನ್ನು ಭೀರುಗಳ ಮಾತೆಂದು ನಾವು ನಕ್ಕದ್ದುಂಟು. ಆದರೆ ಆ ಗಾದೆ ಕಾಲು ಚಾಚಬೇಡವೆನ್ನುವುದಿಲ್ಲ. ಹಾಸಿಗೆಯನ್ನು ಮೊದಲು ಅಳೆ ಎನ್ನುತ್ತದೆ.

ಈ ಅಳತೆಯೇ ಕಲಿಸಬಹುದಾದ ವಿದ್ಯೆ ಎಂಬುದು ನನ್ನ ವಾದ. ಉದಾಹರಣೆಗೆ ಕಡಕ್ ಜೋಳದ ರೊಟ್ಟಿಯ ವ್ಯಾಪಾರವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾನೇ ಕಲ್ಪಿಸಿದವು.

ಒಂದು ರೊಟ್ಟಿಯ ಮಾರಾಟ ಬೆಲೆ 8 ರೂ. ಹಿಟ್ಟಿಗೆ 3, ಉರುವಲಿಗೆ 1, ಅಂಗಡಿಯವನ ಕಮಿಷನ್ 1, ಹೀಗೆ ಖರ್ಚು 5 ರೂ. ಒಂದೊಂದು ರೊಟ್ಟಿಗೆ 3 ರೂ. ಉಳಿಯಿತು. ಈಗ ಬಾಡಿಗೆ ಕೋಣೆ ಹಿಡಿದು, ಸಾಲ ಮಾಡಿ ಯಂತ್ರ ತಂದೆವೆನ್ನೋಣ. ತಿಂಗಳ ಬಾಡಿಗೆ 2,500, ಸಾಲದ ಕಂತು 2,500, ಸಹಾಯಕಳಿಗೆ 4,000, ಒಟ್ಟು 9,000 ರೂ. ರೊಟ್ಟಿ ಮಾರಲಿ ಬಿಡಲಿ, ಈ ಖರ್ಚು ತಪ್ಪದು. 9,000ವನ್ನು 3ರಿಂದ ಭಾಗಿಸಿದರೆ 3,000. ತಿಂಗಳಿಗೆ 25 ಕೆಲಸದ ದಿನಗಳೆಂದರೆ ದಿನಕ್ಕೆ 120 ರೊಟ್ಟಿ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ದಿನಕ್ಕೆ 100 ಮಾತ್ರ ಹೋದರೆ ತಿಂಗಳಿಗೆ 1,500 ರೂ. ಕೈಬಿಡುವುದು.

ಇದೇ ಕೆಲಸವನ್ನು ಮನೆಯ ಒಲೆಯ ಮೇಲೆ, ನೆರೆಯಾಕೆಗೆ ಸ್ವಲ್ಪ ಹೊತ್ತಿನ ಕೂಲಿ ಕೊಟ್ಟು ಮಾಡಿದರೆ ತಪ್ಪದ ಖರ್ಚು 2,400 ರೂ. ಎಂದಿಟ್ಟುಕೊಳ್ಳೋಣ. ಆಗ 800 ರೊಟ್ಟಿ, ಅಂದರೆ ದಿನಕ್ಕೆ 32 ಸಾಕು. ಮೊದಲನೆಯ ದಾರಿಯಲ್ಲಿ ಸೋತರೆ ಉಳಿಯುವುದು ಯಂತ್ರದ ಸಾಲ. ಎರಡನೆಯದರಲ್ಲಿ ಸೋತರೆ ಉಳಿಯುವುದು ಮನೆಯವರೇ ತಿಂದು ಮುಗಿಸಬಹುದಾದ ಜೋಳ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಅಂಗಡಿಯವನು ಒಂದು ತಿಂಗಳ ಉದ್ರಿ ಕೇಳಿದನೆನ್ನಿ. ಬಾಡಿಗೆ ಕೋಣೆಯ ದಾರಿಯಲ್ಲಿ 3,000 ರೊಟ್ಟಿಯ ಹಿಟ್ಟು, ಉರುವಲುಗಳ ಖರ್ಚು 12,000, ಮೇಲೆ 9,000, ಹೀಗೆ 21,000 ರೂ.ಯನ್ನು ಒಂದು ಕಾಸು ಬರುವುದಕ್ಕೆ ಮುಂಚೆಯೇ ಸುರಿಯಬೇಕು. ಇದನ್ನೇ ದುಡಿಯುವ ಬಂಡವಾಳವೆನ್ನುವರು. ಪುಸ್ತಕದಲ್ಲಿ ಲಾಭವಿದ್ದು ಪೆಟ್ಟಿಗೆಯಲ್ಲಿ ಹಣವಿಲ್ಲದೆ ಮುಚ್ಚಿದ ಅಂಗಡಿಗಳು ಯಾವ ಊರಿನಲ್ಲಿಲ್ಲ?

ಇನ್ನೂ ಒಂದು ಸೂಕ್ಷ್ಮವಿದೆ. ಮನೆಯಲ್ಲಿ ಮಾಡುವಾಕೆ ದಿನಕ್ಕೆ 60 ರೊಟ್ಟಿ ಮಾರಿದರೆ ತಿಂಗಳಿಗೆ 1,500 ರೊಟ್ಟಿ. 4,500ರಲ್ಲಿ 2,400 ಕಳೆದು 2,100 ರೂ. ಉಳಿಯಿತು. ಇದು ಲಾಭವೇ? ಆಕೆ ದಿನಕ್ಕೆ ಆರು ಗಂಟೆಯಂತೆ 150 ಗಂಟೆ ಬೆಂಕಿಯ ಮುಂದೆ ಕುಳಿತಿದ್ದಾಳೆ. ಗಂಟೆಗೆ 14 ರೂ. ಬಿತ್ತು. ಅದು ಲಾಭವಲ್ಲ, ಕಡಿಮೆ ಕೂಲಿ. ಅಂಗಡಿಯವನನ್ನು ಬಿಟ್ಟು ಖಾನಾವಳಿಗೆ ನೇರವಾಗಿ ಕೊಟ್ಟರೆ ರೊಟ್ಟಿಗೆ 4 ರೂ. ಉಳಿದು, ಅದೇ ದುಡಿಮೆಗೆ 3,600 ರೂ. ದೊರೆಯುವುದು. ಶುಂಪೀಟರರು ಹೇಳಿದ ಹೊಸ ಮಾರುಕಟ್ಟೆ ಆಕೆಗೆ ಖಾನಾವಳಿಯ ಹಿಂಬಾಗಿಲಿನಲ್ಲಿದೆ. ಅಷ್ಟಾದರೂ ಗಂಟೆಗೆ 24 ರೂಪಾಯಿ ಮಾತ್ರ. ಇಂಥ ವ್ಯಾಪಾರ ಬೆಳೆಯಬೇಕೇ, ನಿಲ್ಲಬೇಕೇ ಎಂಬುದನ್ನು ಆಗ ಕಣ್ಣು ತೆರೆದು ನಿರ್ಧರಿಸಬಹುದು.

ಕಲಿಸಲಾಗದ ಭಾಗ

ಧೈರ್ಯವನ್ನು ಲೆಕ್ಕದಿಂದ ಹಗುರ ಮಾಡಬಹುದು. ಸೋಲನ್ನು ತಡೆದುಕೊಳ್ಳುವ ಶಕ್ತಿಯನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನನ್ನಂತೆಯೇ ಮನೆಗೆ ಮೊದಲ ಪದವೀಧರರಾಗುವವರು ಅನೇಕರು. ನನ್ನ ತಂದೆ ಹಮಾಲಿ ಮಾಡಿ ನನ್ನನ್ನು ಓದಿಸುತ್ತಿರುವರು. ತಂಗಿ ಇನ್ನೂ ಪ್ರೌಢಶಾಲೆಯಲ್ಲಿ. ಅಂಗಡಿಯುಳ್ಳವರ ಮಗ ಒಮ್ಮೆ ಸೋತರೆ ಅದಕ್ಕೆ ಅನುಭವವೆಂದು ಹೆಸರು. ನಮ್ಮಂಥ ಮನೆಯಲ್ಲಿ ಅದೇ ಸೋಲು ತಂಗಿಯ ಓದನ್ನು ನಿಲ್ಲಿಸೀತು. ಹೀಗಿರುವಲ್ಲಿ ವೇದಿಕೆಯ ಮೇಲೆ ನಿಂತು ‘ನೌಕರಿ ಬೇಡುವವರಾಗಬೇಡಿ, ಕೊಡುವವರಾಗಿ, ಧೈರ್ಯ ಮಾಡಿ’ ಎಂದರೆ ಸಾಲದು. ಎಷ್ಟು ರೂಪಾಯಿಯ ಧೈರ್ಯ ಎಂಬುದನ್ನೂ ಹೇಳಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂ.ವರೆಗೆ ಜಾಮೀನಿಲ್ಲದೆ ಸಾಲವುಂಟು. ಅದು ಉಪಕಾರವೇ ಹೌದು. ಆದರೆ ಜಾಮೀನು ಬೇಡದ ಸಾಲಕ್ಕೂ ಕಂತಿನ ದಿನ ತಪ್ಪುವುದಿಲ್ಲ.

ಆದುದರಿಂದ ಈ ವಿದ್ಯೆ ಬಡವರಿಗೆ ನಿರರ್ಥಕವೆಂಬ ತೀರ್ಮಾನಕ್ಕೆ ನಾನು ಬರಲಾರೆ. ಬಡವರಿಗೇ ಹೆಚ್ಚು ಅಗತ್ಯವೆನ್ನುವೆನು. ತಪ್ಪಿದರೆ ತುಂಬಿಕೊಳ್ಳಬಲ್ಲವನಿಗೆ ಲೆಕ್ಕ ತಡವಾಗಿ ಬಂದರೂ ನಡೆದೀತು. ತುಂಬಿಕೊಳ್ಳಲಾರದವನಿಗೆ ಅದು ಮೊದಲೇ ಬರಬೇಕು. ಇದನ್ನು ಅರಿತೇ ನಡೆದ ಶಾಲೆಯೊಂದು ನಮ್ಮ ನಾಡಿನಲ್ಲಿದೆ. 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಉಜಿರೆಯಲ್ಲಿ ‘ರುಡ್‌ಸೆಟ್’ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿಗಳೊಡನೆ ಉಚಿತ ತರಬೇತಿ. ಶಿಬಿರ ಮುಗಿದ ಮೇಲೂ ಅಭ್ಯರ್ಥಿಯ ಬೆನ್ನಿಗೆ ನಿಂತು ವಿಚಾರಿಸುವ ಕ್ರಮ. ಈ ಮಾದರಿಯನ್ನು ಭಾರತ ಸರ್ಕಾರವು ಮೆಚ್ಚಿ, ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳು ಇರಬೇಕೆಂಬ ಯೋಜನೆಯನ್ನು ಕೈಗೊಂಡಿತು.

ನಮ್ಮ ಕಾಲೇಜಿಗೆ ಒಂದು ಸೂಚನೆ

ಕೊನೆಯಲ್ಲಿ ಪೂಜ್ಯ ಅಧ್ಯಾಪಕರ ಮುಂದೆಯೂ ಸಹಪಾಠಿಗಳ ಮುಂದೆಯೂ ಒಂದು ಸೂಚನೆಯನ್ನಿಡಲು ಅಪ್ಪಣೆ ಬೇಡುತ್ತೇನೆ. ‘ಉದ್ಯಮಿಯ ಹತ್ತು ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡಿದವರಾರೂ ಅದರಿಂದ ಉದ್ಯಮಿಗಳಾಗಲಾರರು. ಪ್ರತಿವರ್ಷ ಹತ್ತು ವಿದ್ಯಾರ್ಥಿಗಳ ಒಂದೊಂದು ತಂಡಕ್ಕೆ ವಾಣಿಜ್ಯ ಸಂಘದಿಂದ 5,000 ರೂ. ಸಾಲ ದೊರೆಯಲಿ, ಅವಧಿ ಮೂರು ತಿಂಗಳು. ಅರ್ಥಶಾಸ್ತ್ರದವರು ಪೇಟೆಯಲ್ಲಿ ಬೇಡಿಕೆಯನ್ನು ವಿಚಾರಿಸಲಿ. ಕನ್ನಡ ವಿಭಾಗದವರು ಜಾಹೀರಾತು ಬರೆಯಲಿ. ಇತಿಹಾಸದವರು ಊರಿನ ಹಳೆಯ ಅಂಗಡಿಗಳು ಬಾಳಿದ, ಮುಚ್ಚಿದ ವೃತ್ತಾಂತವನ್ನು ಹಿರಿಯರಿಂದ ಕೇಳಿ ಸಂಗ್ರಹಿಸಲಿ. ಲೆಕ್ಕಪತ್ರವನ್ನು ನಾವು ನೋಡಿಕೊಳ್ಳುವೆವು. ಜಮಾಖರ್ಚಿನ ಹಾಳೆ ವಾರಕ್ಕೊಮ್ಮೆ ಸೂಚನಾ ಫಲಕದ ಮೇಲೆ ಬರಲಿ. ಲಾಭ ಬಂದರೆ ಬಡ ವಿದ್ಯಾರ್ಥಿ ನಿಧಿಗೆ ಸಲ್ಲಲಿ. ನಷ್ಟ ಬಂದರೆ ಅದರ ಕಾರಣಗಳ ವರದಿಯನ್ನು ಸಂಘದ ಸಭೆಯಲ್ಲಿ ಓದಲಿ, ಮತ್ತು ಆ ವರದಿಗೆ ಲಾಭ ಮಾಡಿದ ತಂಡಕ್ಕೆ ಕೊಡುವಷ್ಟೇ ಅಂಕಗಳನ್ನು ಕೊಡಲಿ.

ಹತ್ತು ಜನ ಹಂಚಿಕೊಂಡರೆ 5,000 ರೂಪಾಯಿಯ ನಷ್ಟ ತಲೆಗೆ 500 ರೂಪಾಯಿ. ಆ ಮೊತ್ತಕ್ಕೆ ಒಬ್ಬ ವಿದ್ಯಾರ್ಥಿ ಉದ್ರಿ, ಕಂತು, ಕೂಲಿ, ಬೇಡಿಕೆ ಎಂಬ ನಾಲ್ಕು ಮಾತುಗಳ ನಿಜವಾದ ಅರ್ಥವನ್ನು ಕಲಿತನೆಂದರೆ, ಇದಕ್ಕಿಂತ ಅಗ್ಗದ ಪಾಠ ಹೊರಗಿನ ಪ್ರಪಂಚದಲ್ಲಿ ಅವನಿಗೆ ದೊರೆಯಲಾರದು. ಮುಂದೆ ಅವನು ಸರ್ಕಾರಿ ಕಚೇರಿಯ ಗುಮಾಸ್ತನಾದರೂ ಚಿಂತೆಯಿಲ್ಲ. ಸಾಲದ ಅರ್ಜಿ ಹಿಡಿದು ತನ್ನ ಮೇಜಿನ ಮುಂದೆ ನಿಂತ ಒಬ್ಬ ಹೆಣ್ಣುಮಗಳ ರೊಟ್ಟಿಯ ಲೆಕ್ಕ ಅವನಿಗೆ ಅರ್ಥವಾಗುವುದು.